ಹಳೆ ಕಾರಿನ ಬಾಡಿ ಕೆಲಸ: ಗೆಲ್ಲುವ ಸೂತ್ರಗಳು

ಹಳೆ ಕಾರನ್ನು ಕತ್ತರಿಸಿ, ಬೆಸೆದು, ಕಂಪನಿ ಕೊಟ್ಟ ಆಕಾರವನ್ನೇ ಬದಲಿಸುವ ಕಸ್ಟಮ್ ಕಲೆ ಹುಲುಸಾಗಿ ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನವರ ಅಚ್ಚುಮೆಚ್ಚು 1949ರಿಂದ 51ರವರೆಗಿನ ಮರ್ಕ್ಯುರಿ ಕಾರು. ಜಾರ್ಜ್ ಮತ್ತು ಸ್ಯಾಮ್ ಬ್ಯಾರಿಸ್ ಸಹೋದರರ ಗ್ಯಾರೇಜು 1952ರಲ್ಲಿ ಬಾಬ್ ಹಿರೊಹಾಟಾ ಎಂಬವರಿಗೆ ಮಾಡಿಕೊಟ್ಟ ಮರ್ಕ್ಯುರಿ, 2022ರ ಹರಾಜಿನಲ್ಲಿ 20 ಲಕ್ಷ ಡಾಲರ್ ದಾಟಿತು. ಆ ಕಾರಿನ ಹೆಸರು ಉಳಿದಿರುವುದು ಮುಖ್ಯವಾಗಿ ಅದರ ತಗಡಿನ ಕೆಲಸದಿಂದ. ಇಂಥ ಕೆಲಸಕ್ಕೆ ಕೈಹಾಕುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಸೂತ್ರಗಳು ಇಲ್ಲಿವೆ.

1. ಕತ್ತರಿಸುವ ಮೊದಲು ಕಟ್ಟಿಹಾಕಿ.
ಕಾರು ಸಮತಟ್ಟಾದ ನೆಲದ ಮೇಲೆ, ತನ್ನ ಚಕ್ರಗಳ ಮೇಲೆ ನಿಂತಿರಲಿ. ಬಾಗಿಲುಗಳನ್ನು ಬಿಚ್ಚದೆ, ಒಳಗಡೆ ಛಾವಣಿ ಹೊತ್ತ ಕಂಬದಿಂದ ಕಂಬಕ್ಕೆ ಕಬ್ಬಿಣದ ಪೈಪುಗಳನ್ನು ಅಡ್ಡಡ್ಡ, ಓರೆಯಾಗಿ ಬೆಸೆದು ಬಿಗಿ ಮಾಡಿ. ಬಾಗಿಲ ಕೆಳಗಿನ ಉದ್ದ ಪಟ್ಟಿಯಾದ ಸಿಲ್ ಕೊಳೆತಿದೆಯೆಂದು ತೆಗೆದ ಮರುಕ್ಷಣ ಬಾಡಿ ಕೆಲವು ಮಿಲಿಮೀಟರ್ ಕುಸಿದರೂ ಸಾಕು, ಬಾಗಿಲು ಮತ್ತೆ ಸರಿಯಾಗಿ ಕೂರುವುದಿಲ್ಲ.

2. ಛಾವಣಿಯ ಎತ್ತರ ತಗ್ಗಿಸುವುದು ಬರಿಯ ಕಂಬ ಕತ್ತರಿಸುವ ಕೆಲಸವಲ್ಲ.
ಮುಂದಿನ ಕಂಬಗಳು ಹಿಂದಕ್ಕೆ ವಾಲಿರುತ್ತವೆ. ಹಾಗಾಗಿ ಛಾವಣಿಯನ್ನು ನೇರವಾಗಿ ಕೆಳಗಿಳಿಸಿದರೆ ಮೇಲಿನ ತುಂಡು ಕೆಳಗಿನ ತುಂಡಿಗೆ ಕೂಡಿಕೊಳ್ಳುವುದಿಲ್ಲ. ಒಂದೋ ಕಂಬವನ್ನು ಇನ್ನಷ್ಟು ವಾಲಿಸಬೇಕು, ಇಲ್ಲವೇ ಛಾವಣಿಯನ್ನು ಅಡ್ಡಕ್ಕೆ ಸೀಳಿ ನಡುವೆ ತಗಡು ಸೇರಿಸಿ ಉದ್ದ ಮಾಡಬೇಕು. ಹಿರೊಹಾಟಾ ಮರ್ಕ್ಯುರಿಯಲ್ಲಿ ಮುಂದೆ ಸುಮಾರು 4 ಇಂಚು ತೆಗೆದರೆ ಹಿಂದೆ ಸುಮಾರು 7 ಇಂಚು ತೆಗೆದರು. ಅದರ ಬೆನ್ನಿನ ಇಳಿಜಾರು ಅಷ್ಟು ನಯವಾಗಿ ಹರಿಯುವುದಕ್ಕೆ ಈ ವ್ಯತ್ಯಾಸವೇ ಕಾರಣ. ಗಾಜಿನ ಲೆಕ್ಕವನ್ನೂ ಮೊದಲೇ ಮುಗಿಸಿ. ಲ್ಯಾಮಿನೇಟೆಡ್ ಗಾಜನ್ನು ನುರಿತವರು ಕತ್ತರಿಸಬಲ್ಲರು. ಟಫನ್ಡ್ ಗಾಜು ಕತ್ತರಿಸಹೋದರೆ ಪುಡಿಪುಡಿಯಾಗುತ್ತದೆ.

3. ತುಕ್ಕನ್ನು ಪೂರ್ತಿ ತೆಗೆಯಿರಿ.
ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ತಗಡಿನಲ್ಲಿ ತೇಪೆ ಮಾಡಿ. ತೇಪೆಯ ಮೂಲೆಗಳು ದುಂಡಗಿರಲಿ, ಚೂಪು ಮೂಲೆಯಲ್ಲಿ ಎಳೆತವೆಲ್ಲ ಒಂದೇ ಕಡೆ ಸೇರುತ್ತದೆ. ಹೊರಮೈಯಲ್ಲಿ ತಗಡಿನ ಮೇಲೆ ತಗಡು ಹೇರಿ ಬೆಸೆಯಬೇಡಿ. ಆ ಸಂದಿಯಲ್ಲಿ ನೀರು ನಿಂತು ತುಕ್ಕು ಮರಳಿ ಬರುತ್ತದೆ. ಅಂಚಿಗೆ ಅಂಚು ಕೂಡಿಸಿಯೇ ಬೆಸೆಯಬೇಕು.

4. ಬಿಸಿ ಏನು ಮಾಡುತ್ತದೆ ಎಂಬುದನ್ನು ಅರಿತುಕೊಳ್ಳಿ.
ಇಡೀ ಕೆಲಸದ ಮರ್ಮ ಇಲ್ಲಿದೆ. ವೆಲ್ಡ್ ಮಾಡುವಾಗ ಆ ಜಾಗ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಹಿಗ್ಗಲಾರದ ಲೋಹ ಅಲ್ಲೇ ಒತ್ತಿಕೊಂಡು ದಪ್ಪವಾಗುತ್ತದೆ. ತಣಿದಾಗ ಮೊದಲಿಗಿಂತ ಚಿಕ್ಕದಾಗಿ ಸುತ್ತಲಿನ ತಗಡನ್ನು ತನ್ನತ್ತ ಎಳೆಯುತ್ತದೆ. ಬಾನೆಟ್, ಛಾವಣಿಯಂಥ ಚಪ್ಪಟೆ ಜಾಗಗಳು ಸೊಟ್ಟಗಾಗುವುದು ಇದರಿಂದಲೇ.

ಆದ್ದರಿಂದ ಉದ್ದಕ್ಕೆ ಗೆರೆ ಎಳೆದಂತೆ ವೆಲ್ಡ್ ಮಾಡಬೇಡಿ. ಸುಮಾರು 25 ಮಿ.ಮೀ.ಗೊಂದು ಟ್ಯಾಕ್ (ಚುಕ್ಕಿ ಬೆಸುಗೆ) ಹಾಕಿ, ಒಂದು ಈ ತುದಿಯಲ್ಲಾದರೆ ಮುಂದಿನದು ಆ ತುದಿಯಲ್ಲಿ. ಅಂಗೈ ಇಡುವಷ್ಟು ತಣಿದ ಮೇಲೆ ನಡುನಡುವೆ ತುಂಬುತ್ತಾ ಬನ್ನಿ. ತಂತಿ ತಾನೇ ಹರಿದುಬರುವ ಮಿಗ್ ವೆಲ್ಡಿಂಗ್ ಆದರೆ 0.6 ಮಿ.ಮೀ. ತಂತಿ, ಶೇ. 75 ಆರ್ಗಾನ್ ಮತ್ತು ಶೇ. 25 ಕಾರ್ಬನ್ ಡೈಆಕ್ಸೈಡ್ ಮಿಶ್ರಣ ತೆಳು ತಗಡಿಗೆ ಒಗ್ಗುತ್ತದೆ. ಕಡ್ಡಿಯನ್ನು ಕೈಯಿಂದಲೇ ಕೊಡುವ ಟಿಗ್ ವೆಲ್ಡಿಂಗ್ ಕಲಿಯಲು ಕಷ್ಟ, ಆದರೆ ಅದರ ಬೆಸುಗೆ ಮೆದು, ಸುತ್ತಿಗೆಗೆ ಬಗ್ಗುತ್ತದೆ. ಸಮಯವಿದ್ದವರು ಟಿಗ್ ಕಲಿಯಲಿ ಎಂಬುದೇ ನನ್ನ ಅಭಿಪ್ರಾಯ.

5. ವೆಲ್ಡಿಂಗ್ ಆದ ಮೇಲೆ ಸುತ್ತಿಗೆ ಹಿಡಿಯಿರಿ.
ಕುಗ್ಗಿದ ಲೋಹವನ್ನು ಮತ್ತೆ ಹಿಗ್ಗಿಸದೆ ಪ್ಯಾನೆಲ್ ಸರಿಹೋಗದು. ಬೆಸುಗೆಯ ಉಬ್ಬನ್ನು ಎರಡೂ ಬದಿಯಲ್ಲಿ ಗ್ರೈಂಡ್ ಮಾಡಿ, ಸುತ್ತಲಿನ ತಗಡು ತೆಳುವಾಗುವ ಮೊದಲೇ ನಿಲ್ಲಿಸಿ. ಹಿಂದಿನಿಂದ ಡಾಲಿಯನ್ನು (ಕೈಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿ) ಬೆಸುಗೆಗೇ ಒತ್ತಿ ಹಿಡಿದು ಮುಂದಿನಿಂದ ಹಗುರಾಗಿ ಬಡಿಯಿರಿ. ಸುತ್ತಿಗೆ ಡಾಲಿಯ ಮೇಲೆ ಸರಿಯಾಗಿ ಬಿದ್ದರೆ ಟಣ್ ಎಂಬ ಸದ್ದು ಬರುತ್ತದೆ, ತಪ್ಪಿದರೆ ಮಂಕು ಸದ್ದು. ನಾಲ್ಕಾರು ಪೆಟ್ಟಿಗೊಮ್ಮೆ ನಿಲ್ಲಿಸಿ ಕಣ್ಣು ಮುಚ್ಚಿ ಅಂಗೈಯನ್ನು ತಗಡಿನ ಮೇಲೆ ಉದ್ದಕ್ಕೆ ಆಡಿಸಿ. ಕಣ್ಣಿಗೆ ಕಾಣದ ತಗ್ಗು ಕೈಗೆ ತಾಗುತ್ತದೆ. ನಂತರ ಬಾಡಿ ಅರ ಓಡಿಸಿ: ಹೊಳೆದದ್ದು ಉಬ್ಬು, ಹೊಳೆಯದೆ ಉಳಿದದ್ದು ತಗ್ಗು. ತಗ್ಗಿದ್ದರೆ ಡಾಲಿಯಿಂದ ಎತ್ತಬೇಕೇ ಹೊರತು ಉಬ್ಬನ್ನು ಅರೆದು ತೆಳು ಮಾಡಬಾರದು.

6. ಪುಟ್ಟಿಯನ್ನು ಮಿತವಾಗಿ ಬಳಸಿ.
ಮೆತ್ತಿದ ಪುಟ್ಟಿ 3 ಮಿ.ಮೀ. ದಾಟುವಂತಿದ್ದರೆ ಮತ್ತೆ ಸುತ್ತಿಗೆಗೆ ಹಿಂದಿರುಗಿ.

7. ಸೀಸ ತುಂಬುವವರು ಜೋಪಾನ.
ಪ್ಲಾಸ್ಟಿಕ್ ಪುಟ್ಟಿ ಬರುವ ಮೊದಲು ಕಸ್ಟಮ್ ಕಾರುಗಳ ಕೂಡುಗೆಗಳನ್ನು ಸೀಸದಿಂದ ತುಂಬುತ್ತಿದ್ದರು. ಇಂಥ ಕಾರುಗಳಿಗೆ ಅಮೆರಿಕದಲ್ಲಿ ‘ಲೆಡ್ ಸ್ಲೆಡ್’ ಎಂಬ ಹೆಸರು ಬಿದ್ದದ್ದು ಹಾಗೆ. ಶೇ. 70 ಸೀಸ, ಶೇ. 30 ತವರದ ಕಡ್ಡಿ 183 ಡಿಗ್ರಿ ಸೆಲ್ಸಿಯಸ್‌ಗೆ ಮೆದುವಾಗತೊಡಗಿ ಸುಮಾರು 255 ಡಿಗ್ರಿಗೆ ಪೂರ್ತಿ ಕರಗುತ್ತದೆ. ಈ ಎರಡರ ನಡುವೆ ಅದು ಬೆಣ್ಣೆಯ ಹದದಲ್ಲಿರುತ್ತದೆ. ಆಗಲೇ ಜೇನುಮೇಣ ಸವರಿದ ಮರದ ಪಟ್ಟಿಯಿಂದ ತಿದ್ದಬೇಕು. ತಣಿದ ಮೇಲೆ ಅರದಿಂದಷ್ಟೇ ಉಜ್ಜಿ. ಗ್ರೈಂಡರ್ ಹಚ್ಚಿದರೆ ಸೀಸದ ದೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಸೀಸ ಅಂಟಲೆಂದು ಮೊದಲು ಹಚ್ಚಿದ ಫ್ಲಕ್ಸ್‌ನ ಆಮ್ಲವನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆಯದಿದ್ದರೆ ಮುಂದೆ ಪೇಂಟ್ ಬೊಬ್ಬೆ ಏಳುತ್ತದೆ.

8. ಜೀವಕ್ಕಿಂತ ಕಾರು ದೊಡ್ಡದಲ್ಲ.
ಪೆಟ್ರೋಲ್ ಟ್ಯಾಂಕನ್ನು ಕಾರಿನಿಂದಲೇ ಬಿಚ್ಚಿ ದೂರ ಇಡಿ. ಬ್ಯಾಟರಿ ಸಂಪರ್ಕ ತಪ್ಪಿಸಿ. ಜಿಂಕ್ ಲೇಪದ ತಗಡಾದರೆ ಲೇಪವನ್ನು ಉಜ್ಜಿ ತೆಗೆಯಿರಿ, ಅದರ ಹೊಗೆಯಿಂದ ಚಳಿಜ್ವರ ಬರುತ್ತದೆ. ಬಹಳ ಮಂದಿಗೆ ಗೊತ್ತಿಲ್ಲದ ಅಪಾಯ ಇನ್ನೊಂದಿದೆ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ಜಾಗದಲ್ಲಿ ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಅದು ಕೊಲ್ಲಬಲ್ಲದು. ಡಬ್ಬಿಯ ಮೇಲಿನ ಬರಹ ಓದದೆ ಏನನ್ನೂ ಸಿಂಪಡಿಸಬೇಡಿ.

9. ನಮ್ಮಲ್ಲಿ ಕಾನೂನು ಬೇರೆ.
ಅಮೆರಿಕದ ಕಾರು ನೋಡಿ ಮನೆಯ ಅಂಬಾಸಿಡರ್‌ಗೆ ಕಟ್ಟರ್ ಹಚ್ಚುವ ಮೊದಲು ಯೋಚಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ವಾಹನವನ್ನು ತಯಾರಕರು ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. 2021ರ ನಿಯಮದಂತೆ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಬೇಕಾದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ತುಕ್ಕು ತೆಗೆದು ಮೊದಲಿನ ಆಕಾರಕ್ಕೇ ತರುವವರಿಗೂ ಮೇಲಿನ ಸೂತ್ರಗಳು ಹಾಗೇ ಅನ್ವಯಿಸುತ್ತವೆ.

10. ಕೈ ಪಳಗಲಿ.
ಗುಜರಿ ಅಂಗಡಿಯಿಂದ ಒಂದು ಹಾಳು ಬಾಗಿಲು ತನ್ನಿ. ಅದರ ನಡುವೆ ಅಂಗೈಯಗಲದ ತುಂಡು ಕತ್ತರಿಸಿ ತೆಗೆದು, ಹೊಸ ತಗಡು ಕೂಡಿಸಿ, ಬೆಸೆದು, ಬಡಿದು, ಅರ ಓಡಿಸಿ. ಪುಟ್ಟಿ ಇಲ್ಲದೆ ಬೆಸುಗೆ ಕೈಗೆ ತಾಗದಂತಾದ ಮೇಲೆ ನಿಮ್ಮ ಕಾರನ್ನು ಮುಟ್ಟಿ.