ಕಡೆಯ ಪಂಕ್ತಿಗೂ ಪಾಯಸ
(ಸಂತರ್ಪಣೆಯ ಸ್ವಯಂಸೇವಕರಿಗೆ ಒಂದು ಪಾಠ)

ಶ್ರಾವಣ ಬಹುಳ ಪ್ರತಿಪದೆ, ದ್ವಿತೀಯೆ, ತೃತೀಯೆಗಳು ಶ್ರೀ ರಾಘವೇಂದ್ರತೀರ್ಥ ಗುರುಸಾರ್ವಭೌಮರ ಆರಾಧನೆಯ ಪುಣ್ಯದಿನಗಳು. 1671ರಲ್ಲಿ ಮಂತ್ರಾಲಯ ಕ್ಷೇತ್ರದಲ್ಲಿ ಶ್ರೀಗಳವರು ವೃಂದಾವನ ಪ್ರವೇಶ ಮಾಡಿದ ತಿಥಿ ದ್ವಿತೀಯೆಯಾದುದರಿಂದ ಮಧ್ಯಾರಾಧನೆಯಂದು ಜನಸಂದಣಿ ಅಧಿಕ. ಚೆಂಬೂರಿನ ಛೆಡ್ಡಾ ನಗರ, ಸಾಂತಾಕ್ರೂಜ್, ಅಂಧೇರಿ ಮೊದಲಾದೆಡೆ ಮಾಧ್ವ ಮಠಗಳ ಶಾಖೆಗಳು ನೆಲೆಗೊಂಡು, ಊರು ಬಿಟ್ಟು ಬಂದ ನಮ್ಮವರಿಗೆ ಊರಿನ ಪಂಕ್ತಿಭೋಜನದ ರುಚಿಯನ್ನು ಉಳಿಸಿಕೊಟ್ಟಿವೆ. ಇಂತಹ ದಿನಗಳಲ್ಲಿ ಸೇವೆಗೆ ಹೆಸರು ಕೊಡುವ ತರುಣ ತರುಣಿಯರ ಸಂಖ್ಯೆಗೆ ಕೊರತೆಯಿಲ್ಲವೆಂಬುದು ಸಂತೋಷದ ಸಂಗತಿ. ಆದರೆ ಉತ್ಸಾಹವೇ ಬೇರೆ, ಅಭ್ಯಾಸವೇ ಬೇರೆ. ಹಿಂದೆ ಮದುವೆ ಮುಂಜಿಗಳಲ್ಲಿ ಮಕ್ಕಳು ಮೊದಲು ನೀರು, ಆಮೇಲೆ ಉಪ್ಪು, ಅನಂತರ ಪಲ್ಯ ಬಡಿಸುತ್ತ ಬಡಿಸುತ್ತ ದೊಡ್ಡವರಾಗುತ್ತಿದ್ದರು. ಮುಂಬಯಿಯ ಎರಡು ಕೋಣೆಗಳ ಮನೆಯಲ್ಲಿ ಬೆಳೆದ ಮಕ್ಕಳಿಗೆ ಆ ಪಾಠಶಾಲೆ ದೊರೆತಿಲ್ಲ. ಅವರ ಸಲುವಾಗಿ ಈ ನಾಲ್ಕು ಮಾತು.

ಶಬ್ದಾರ್ಥ ವಿಚಾರ

'ಸಂತರ್ಪಣೆ' ಎಂಬ ಶಬ್ದವನ್ನು ನಾವು ದಿನನಿತ್ಯ ಬಳಸುತ್ತೇವೆ. ಅದರ ಅರ್ಥವನ್ನು ಮಾತ್ರ ವಿಚಾರ ಮಾಡುವುದಿಲ್ಲ. 'ತೃಪ್' ಎಂಬ ಧಾತುವಿಗೆ ತೃಪ್ತಿ ಹೊಂದುವುದೆಂದು ಅರ್ಥ. ಅದರ ಪ್ರೇರಣಾರ್ಥಕ ರೂಪದಿಂದ 'ತರ್ಪಣ', ಎಂದರೆ ತೃಪ್ತಿಪಡಿಸುವುದು. ಅದಕ್ಕೆ 'ಸಮ್' ಎಂಬ ಉಪಸರ್ಗ ಸೇರಿದಾಗ 'ಚೆನ್ನಾಗಿ, ಪರಿಪೂರ್ಣವಾಗಿ ತೃಪ್ತಿಪಡಿಸುವುದು' ಎಂದಾಯಿತು. ಹೊಟ್ಟೆ ತುಂಬಿಸುವುದು ಅನ್ನದಾನ. ಮನಸ್ಸೂ ತುಂಬುವಂತೆ ಉಣಬಡಿಸುವುದು ಸಂತರ್ಪಣೆ. ಮೊದಲ ಪಂಕ್ತಿಯವರು ಎರಡು ಸಲ ಪಾಯಸ ಹಾಕಿಸಿಕೊಂಡು ತೇಗಿ, ಕಡೆಯ ಪಂಕ್ತಿಯವರು ಬರಿಯ ಅನ್ನ ಸಾರು ಉಂಡು ಎದ್ದುಹೋದರೆ ಅಲ್ಲಿ ಅನ್ನದಾನವಾಗಿರಬಹುದು, ಸಂತರ್ಪಣೆ ಆಗಲಿಲ್ಲ.

ಕಡೆಯ ಪಂಕ್ತಿಯಲ್ಲಿ ಕುಳಿತುಕೊಳ್ಳುವವರು ಯಾರೆಂದು ಗಮನಿಸಿರಿ. ಬೆಳಗಿನಿಂದ ಕಾದು ನಿಂತ ರಿಕ್ಷಾ ಚಾಲಕರು, ಭಕ್ತರ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸರು, ಹೊರಗೆ ಪಾದರಕ್ಷೆ ಕಾಯುವ ಹುಡುಗ, ಕಟ್ಟಡದ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದ ಕೂಲಿಗಳು, ಮತ್ತು ಸ್ವತಃ ಬಡಿಸಿ ದಣಿದವರು. ಹಸಿವು ಎಲ್ಲರಿಗಿಂತ ಹೆಚ್ಚು ಯಾರಿಗಿದೆಯೋ ಅವರೇ ಕಡೆಯಲ್ಲಿ ಕೂರುತ್ತಾರೆ. ಆದುದರಿಂದ ಸ್ವಯಂಸೇವಕರ ಸಿದ್ಧತೆಯೆಲ್ಲವೂ ಒಂದೇ ಗುರಿಗೆ ಸಲ್ಲಬೇಕು: ಕಡೆಯ ಎಲೆಗೆ ಬೀಳುವ ಊಟ ಮೊದಲ ಎಲೆಗೆ ಬಿದ್ದಂತೆಯೇ ಇರಬೇಕು.

ರಾಜಸೂಯದ ನಿದರ್ಶನ

ಮಹಾಭಾರತದ ಸಭಾಪರ್ವದಲ್ಲಿ ಧರ್ಮರಾಜನ ರಾಜಸೂಯ ಯಾಗದ ವ್ಯವಸ್ಥೆ ವರ್ಣಿತವಾಗಿದೆ. ಭಕ್ಷ್ಯಭೋಜ್ಯಗಳ ಅಧಿಕಾರ ದುಃಶಾಸನನಿಗೆ, ಬ್ರಾಹ್ಮಣರ ಸ್ವಾಗತ ಅಶ್ವತ್ಥಾಮನಿಗೆ, ರಾಜರ ಸತ್ಕಾರ ಸಂಜಯನಿಗೆ, ದಕ್ಷಿಣೆಯ ಹಂಚಿಕೆ ಕೃಪರಿಗೆ, ವ್ಯಯದ ಲೆಕ್ಕ ವಿದುರನಿಗೆ, ಬಂದ ಕಾಣಿಕೆಗಳ ಸ್ವೀಕಾರ ದುರ್ಯೋಧನನಿಗೆ ಒಪ್ಪಿಸಲ್ಪಟ್ಟಿತ್ತು. ಭೀಷ್ಮ ದ್ರೋಣರಿಗೆ ಕೈಕೆಲಸವೇನೂ ಇಲ್ಲ. ಏನಾಯಿತು, ಏನಾಗಲಿಲ್ಲ ಎಂಬುದನ್ನು ನೋಡಿಕೊಳ್ಳುವುದಷ್ಟೇ ಅವರ ಹೊಣೆ. ಭಾಗವತದ ದಶಮಸ್ಕಂಧದಲ್ಲಿ ಹಂಚಿಕೆ ಬೇರೆಯಾಗಿದೆ: ಪಾಕಶಾಲೆಗೆ ಭೀಮಸೇನ, ಸಾಮಗ್ರಿ ಸಂಗ್ರಹಕ್ಕೆ ನಕುಲ, ಬಡಿಸುವುದಕ್ಕೆ ದ್ರೌಪದೀದೇವಿ, ಅತಿಥಿಗಳ ಪಾದ ತೊಳೆಯುವುದಕ್ಕೆ ಸಾಕ್ಷಾತ್ ಶ್ರೀಕೃಷ್ಣ ಪರಮಾತ್ಮ. ಎರಡೂ ಕಡೆ ನಾವು ಕಲಿಯತಕ್ಕುದು ಒಂದೇ. ಒಬ್ಬರಿಗೆ ಒಂದೇ ಕೆಲಸ. ಯಾವ ಕೆಲಸವೂ ಕೀಳಲ್ಲ. ಕೆಲಸ ಮಾಡುವವರ ಮೇಲೆ ಕಣ್ಣಿಡುವ ಹಿರಿಯರು ಬೇರೆಯೇ ಇರಬೇಕು.

ಇದಕ್ಕಿಂತ ಮಿಗಿಲಾದ ಮಾತೊಂದು ಅದೇ ಪರ್ವದಲ್ಲಿ ಮುಂದೆ ಬರುತ್ತದೆ. ಯಾಗದಿಂದ ಹಿಂದಿರುಗಿದ ದುರ್ಯೋಧನ ಅಸೂಯೆಯಿಂದ ಬೇಯುತ್ತ ತಂದೆಯ ಮುಂದೆ ಪಾಂಡವರ ವೈಭವವನ್ನು ಹೇಳಿಕೊಳ್ಳುತ್ತಾನೆ. ರತ್ನರಾಶಿಗಳ ವರ್ಣನೆಯ ನಡುವೆ ಅವನೇ ನುಡಿಯುತ್ತಾನೆ: ದ್ರೌಪದಿಯು ತಾನು ಉಣ್ಣದೆ, ಗೂನರು ಕುಬ್ಜರವರೆಗೆ ಪ್ರತಿಯೊಬ್ಬರೂ ಉಂಡರೇ ಇಲ್ಲವೇ ಎಂದು ವಿಚಾರಿಸುತ್ತಿದ್ದಳಂತೆ. ಶತ್ರುವಿನ ಬಾಯಿಂದ ಬಂದ ಈ ಸಾಕ್ಷ್ಯಕ್ಕಿಂತ ಹೆಚ್ಚಿನ ಪ್ರಮಾಣ ಬೇಕೆ? ಸಾಮ್ರಾಜ್ಞಿಯ ಕಣ್ಣು ಹೋದುದು ಸಿಂಹಾಸನದ ಪಕ್ಕದಲ್ಲಿ ಕುಳಿತವರ ಎಲೆಯ ಮೇಲಲ್ಲ, ಮೂಲೆಯಲ್ಲಿ ನಿಂತವರ ಮುಖದ ಮೇಲೆ. ಸ್ವಯಂಸೇವಕರಿಗೆ ಇದೇ ಆದರ್ಶ.

ಪಾಯಸದ ಲೆಕ್ಕ

ಆದರ್ಶವನ್ನು ಲೆಕ್ಕಕ್ಕೆ ಇಳಿಸದಿದ್ದರೆ ಅದು ಭಾಷಣವಾಗಿ ಉಳಿಯುತ್ತದೆ. ಆರುನೂರು ಮಂದಿ ಬರುವರೆಂದೂ, ಸಭಾಂಗಣದಲ್ಲಿ ಒಮ್ಮೆಗೆ 120 ಎಲೆ ಹಿಡಿಯುವುದೆಂದೂ ಭಾವಿಸೋಣ. ಐದು ಪಂಕ್ತಿಗಳಾದವು. ಎಲೆ ಹಾಕಿ, ಬಡಿಸಿ, ಉಂಡು, ಎಲೆ ತೆಗೆದು, ನೆಲ ಒರೆಸುವುದಕ್ಕೆ ಒಂದೊಂದಕ್ಕೂ ಮುಕ್ಕಾಲು ಗಂಟೆ ಬೇಕು. ಹನ್ನೆರಡಕ್ಕೆ ಮೊದಲ ಪಂಕ್ತಿ ಕುಳಿತರೆ ಐದನೆಯದು ಕೂರುವುದು ಮೂರು ಗಂಟೆಗೆ. ಪೂರ್ಣ ಊಟದಲ್ಲಿ ತಲೆಗೆ 100ರಿಂದ 125 ಗ್ರಾಂ ಅಕ್ಕಿಯಂತೆ 60ರಿಂದ 75 ಕಿಲೋ ಅಕ್ಕಿ ಬೇಕು.

ಇನ್ನು ಪಾಯಸ 90 ಲೀಟರು ಮಾಡಿಸಿದ್ದೇವೆನ್ನೋಣ. ತಲೆಗೆ 150 ಮಿಲಿಲೀಟರಿನಂತೆ ಆರುನೂರು ಮಂದಿಗೂ ಸರಿಯಾಗುತ್ತದೆ. ಆದರೆ ಬಡಿಸುವ ಹುಡುಗ ಉತ್ಸಾಹದಿಂದ ತಲೆಗೆ 200ರಂತೆ ಸುರಿದನೆಂದರೆ ಒಂದು ಪಂಕ್ತಿಗೆ 24 ಲೀಟರು, ಮೂರು ಪಂಕ್ತಿಗೆ 72 ಲೀಟರು ತೀರಿತು. ಉಳಿದ 18 ಲೀಟರು ನಾಲ್ಕನೆಯ ಪಂಕ್ತಿಗೇ ಸಾಲದು. ಐದನೆಯದಕ್ಕೆ ಬರಿಯ ಕೊಳಗದ ತಳ. ಇಲ್ಲಿ ಯಾರಲ್ಲಿಯೂ ದುರ್ಬುದ್ಧಿಯಿಲ್ಲ, ಕಳ್ಳತನವಿಲ್ಲ. ಸೌಟಿನಲ್ಲಿ ಐವತ್ತು ಮಿಲಿಲೀಟರಿನ ಔದಾರ್ಯ ಹೆಚ್ಚಾಯಿತು, ಅಷ್ಟೇ. ಆ ಔದಾರ್ಯದ ಬೆಲೆ ತೆತ್ತವರು ಮಾತ್ರ ಮೂರು ಗಂಟೆಯವರೆಗೆ ಕಾದವರು.

ರೈಲ್ವೆಯಲ್ಲಿ ದುಡಿದ ನಮಗೆ ಇದಕ್ಕೆ ಪರಿಹಾರ ಹೊಸತಲ್ಲ. ದೂರದ ಬಂಡಿ ಹೊರಡುವ ನಿಲ್ದಾಣದಲ್ಲಿಯೇ ಎಲ್ಲ ಆಸನಗಳನ್ನೂ ಮಾರಿಬಿಡುವುದಿಲ್ಲ. ನಡುವಣ ನಿಲ್ದಾಣಗಳಲ್ಲಿ ಹತ್ತುವವರಿಗೆಂದು ಕೋಟಾ ತೆಗೆದಿಡುತ್ತಾರೆ. ಹಾಗೆಯೇ ಮೊದಲ ಪಂಕ್ತಿ ಕೂರುವ ಮುನ್ನವೇ ನೈವೇದ್ಯವಾದ ಪಾಯಸವನ್ನು ಐದು ಪಾತ್ರೆಗಳಿಗೆ ಹಂಚಿ, ಮುಚ್ಚಳದ ಮೇಲೆ ಪಂಕ್ತಿಯ ಸಂಖ್ಯೆ ಬರೆದಿಡಬೇಕು. ಐದನೆಯ ಪಾತ್ರೆಯನ್ನು ಯಾರೇ ಕೇಳಲಿ, ಎಷ್ಟೇ ದೊಡ್ಡವರು ಕೇಳಲಿ, ತೆರೆಯಲಾಗದು. ಸಿಹಿ, ಚಿತ್ರಾನ್ನ, ತುಪ್ಪ ಮೂರಕ್ಕೂ ಇದೇ ನಿಯಮ. ಬಡಿಸುವ ಸೌಟುಗಳೆಲ್ಲ ಒಂದೇ ಅಳತೆಯವಾಗಿರಲಿ.

ಮತ್ತೊಂದು ರೈಲ್ವೆ ನಿಯಮವೂ ಇಲ್ಲಿ ಸಲ್ಲುತ್ತದೆ. ಮುಂದಿನ ನಿಲ್ದಾಣದಿಂದ 'ಲೈನ್ ಕ್ಲಿಯರ್' ಬಾರದೆ ಬಂಡಿಯನ್ನು ಬಿಡುವಂತಿಲ್ಲ. ನೆಲ ಒರೆಸಿ ಒಣಗಿದೆ, ಎಲೆ ಹಾಕಿದೆ, ಅನ್ನ ಸಿದ್ಧವಿದೆ ಎಂದು ಒಳಗಿನವರು ಹೇಳಿದ ಮೇಲೆಯೇ ಬಾಗಿಲಿನವರು ಜನರನ್ನು ಬಿಡಬೇಕು. ಮಳೆಗಾಲದ ದಿನಗಳಲ್ಲಿ ಒದ್ದೆ ಕಾಲುಗಳು, ಸೋರುವ ಕೊಡೆಗಳು, ವೃದ್ಧರು, ಕೈಯಲ್ಲಿ ಬಿಸಿ ಹುಳಿಯ ಬಕೆಟ್ಟು ಹಿಡಿದ ಹುಡುಗರು ಒಂದೇ ಓಣಿಯಲ್ಲಿ ಕೂಡಿದರೆ ಅನಾಹುತವಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ತಿಥಿಯು ಭಾನುವಾರ ಬಂದರೆ ಹಾರ್ಬರ್ ಮಾರ್ಗದ ಮೆಗಾ ಬ್ಲಾಕನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಿರಿ. ವಾಶಿಯಿಂದಲೋ ಡೊಂಬಿವಲಿಯಿಂದಲೋ ಬರುವ ಸ್ವಯಂಸೇವಕರು ಬ್ಲಾಕ್ ತೊಡಗುವ ಮೊದಲೇ ಮಠವನ್ನು ಮುಟ್ಟಬೇಕು. ಭಕ್ತರು ತಡವಾಗಿ ಒಟ್ಟಿಗೇ ಬಂದು ಸೇರುವರೆಂಬುದನ್ನೂ ಎಣಿಸಬೇಕು.

ಪಾಕಶಾಲೆಯ ಎಚ್ಚರಿಕೆ

ಪಾಕಶಾಲೆ ಮಡಿಯ ಸ್ಥಳ. ಅಡಿಗೆಯವರೂ ಅವರಿಗೆ ಗೊತ್ತುಪಡಿಸಿದ ಸಹಾಯಕರೂ ಹೊರತು ಬೇರಾರೂ ಒಳಗೆ ಕಾಲಿಡಬಾರದು. ಇದು ಆಚಾರದ ಮಾತಷ್ಟೇ ಅಲ್ಲ, ಪ್ರಾಣರಕ್ಷಣೆಯ ಮಾತೂ ಹೌದು. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆಸಿದ್ದ ಪ್ರಸಾದವನ್ನುಂಡು ಹದಿನೈದಕ್ಕೂ ಮಿಕ್ಕಿ ಭಕ್ತರು ಅಸುನೀಗಿದುದನ್ನು ಮರೆಯಲಾಗದು. ಬೆಂದ ಪದಾರ್ಥವನ್ನು ಕಾವಲಿಲ್ಲದೆ ಬಿಡಲೇಬಾರದು.

ಅನ್ನವನ್ನು ಬೆಳಿಗ್ಗೆಯೇ ಒಮ್ಮೆಗೆ ಮಾಡಿ ರಾಶಿ ಹಾಕುವುದೂ ಸಲ್ಲದು. ಬೆಂದ ಅನ್ನ ಉಗುರುಬೆಚ್ಚಗೆ ಬಹಳ ಹೊತ್ತು ಕುಳಿತರೆ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣು ಅದರಲ್ಲಿ ವಿಷವನ್ನುಂಟುಮಾಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಇಲ್ಲಿಯೂ ತೊಂದರೆಗೆ ಗುರಿಯಾಗುವವರು ಕಡೆಯ ಪಂಕ್ತಿಯವರೇ. ಅನ್ನವನ್ನು ಮೂರು ಕಂತುಗಳಲ್ಲಿ ಮಾಡಿಸಿರಿ. ಹುಳಿ, ಸಾರು, ಪಾಯಸಗಳ ಪಾತ್ರೆಗಳನ್ನು ಸಣ್ಣ ಉರಿಯ ಮೇಲೋ ಕುದಿನೀರಿನ ಕೊಪ್ಪರಿಗೆಯೊಳಗೋ ಇಟ್ಟು 60 ಡಿಗ್ರಿ ಸೆಲ್ಸಿಯಸಿಗೆ ಕಡಮೆಯಾಗದಂತೆ ಕಾಪಾಡಿರಿ.

ಬಡಿಸುವವರು ಪದಾರ್ಥಗಳ ಹೆಸರನ್ನೂ ಅವುಗಳಲ್ಲಿರುವುದನ್ನೂ ತಿಳಿದಿರಬೇಕು. ಆರಾಧನೆ ಬರುವುದು ಚಾತುರ್ಮಾಸ್ಯದ ಎರಡನೆಯ ತಿಂಗಳಿನ ದಧಿವ್ರತದ ಅವಧಿಯಲ್ಲಿ. "ಮೊಸರೇಕೆ ಇಲ್ಲ?" ಎಂದು ಹೊಸಬರು ಕೇಳಿದರೆ ನಗದೆ, ಗದರದೆ ವ್ರತದ ನಿಯಮವನ್ನು ಎರಡು ಮಾತಿನಲ್ಲಿ ಹೇಳಿರಿ. ಮಧುಮೇಹದವರು ಹಯಗ್ರೀವ ಬೇಡವೆಂದರೆ ಒತ್ತಾಯ ಮಾಡಬೇಡಿರಿ. ಇನ್ಸುಲಿನ್ ತೆಗೆದುಕೊಂಡು ಬಂದ ವೃದ್ಧರನ್ನು ಮಹಾಮಂಗಳಾರತಿ ತಡವಾಯಿತೆಂದು ಕಾಯಿಸುವುದು ಅಪಾಯಕರ. ಅವರ ವಿಷಯವನ್ನು ಹಿರಿಯರಿಗೆ ಮೊದಲೇ ತಿಳಿಸಿ ಏರ್ಪಾಡು ಮಾಡಿರಿ.

ಬಾಗಿಲು ಮತ್ತು ಪಂಕ್ತಿ

ಸ್ವಯಂಸೇವಕರಲ್ಲಿ ಅತ್ಯಂತ ಸಮಾಧಾನದ ಸ್ವಭಾವದವರನ್ನು ಬಾಗಿಲಿಗೆ ಹಾಕಬೇಕು. ಮೈಕಟ್ಟು ನೋಡಿ ಹಾಕುವುದು ವಾಡಿಕೆ. ನಾಲಗೆ ನೋಡಿ ಹಾಕುವುದು ವಿವೇಕ. ಮನೆಬಾಗಿಲಿಗೆ ಬಂದವರನ್ನು ಯಾರನ್ನೂ ತಿರಸ್ಕರಿಸಬಾರದು, ಅದು ವ್ರತವೆಂದು ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿ ವಿಧಿಸುತ್ತದೆ. ಮಡಿ ಅಡಿಗೆಮನೆಯ ಶಿಸ್ತು. ಹೊಸ್ತಿಲಲ್ಲಿ ನಿಂತ ಹಸಿದವನ ಮುಖಕ್ಕೆ ಹಿಡಿಯುವ ಆಯುಧವಲ್ಲ. ಯಾರು, ಯಾವ ಊರು, ಯಾರ ಕಡೆಯವರು ಎಂಬ ಪ್ರಶ್ನೆಗಳು ಬೇಡ. "ಬನ್ನಿ, ಇನ್ನೊಂದು ಪಂಕ್ತಿಯಿದೆ, ಇಲ್ಲಿ ಕುಳಿತಿರಿ" ಎಂಬ ಮಾತಿಗೆ ಖರ್ಚಿಲ್ಲ. ಕನ್ನಡ ಬಾರದವರಿಗೆ ಇದನ್ನೇ ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಹೇಳಿರಿ. ಕಾಯುವವರಿಗೆ ನೆರಳು, ಕುಡಿಯುವ ನೀರು, ಕೂರಲು ಜಮಖಾನೆ ಇರಲಿ.

ಪಂಕ್ತಿಯಲ್ಲಿ ಎಲೆಯ ತುದಿ ಉಣ್ಣುವವರ ಎಡಕ್ಕೆ ಬರುವಂತೆ ಹಾಕಬೇಕು. ಗೋವಿಂದನಾಮ ಸ್ಮರಣೆಯಾಗುವವರೆಗೆ ಯಾರನ್ನೂ ಅವಸರಪಡಿಸಬಾರದು. ಬಡಿಸುವಾಗ ಪಾತ್ರೆ ಎಲೆಗೆ ತಗಲಬಾರದು. ಪಂಚೆಯ ಅಂಚು, ಸೀರೆಯ ಸೆರಗು ಎಲೆಯ ಮೇಲೆ ಹಾಯಬಾರದು. ಮೊದಲ ಸುತ್ತು ಕಡಮೆ, ಎರಡನೆಯ ಸುತ್ತು ಕೇಳಿ ಕೇಳಿ. ಸಂಕೋಚದವರು ಬಾಯಿಬಿಟ್ಟು ಕೇಳುವುದಿಲ್ಲ; ಬರಿದಾದ ಎಲೆಯನ್ನು ಬಡಿಸುವವರ ಕಣ್ಣು ತಾನಾಗಿ ಕಾಣಬೇಕು. ಪರಿಚಯದವರ ಮುಂದೆ ನಿಂತು ಮಾತಾಡುತ್ತ ಅವರಿಗೆ ಎರಡು ಸೌಟು ಹೆಚ್ಚು ಹಾಕುವುದು ಪಕ್ಕದವನ ಎಲೆಯನ್ನು ಅವಮಾನ ಮಾಡಿದಂತೆ.

ಎಲೆಯಲ್ಲಿ ಬಿಡುವ ಅನ್ನದ ಮಾತನ್ನೂ ಹೇಳಬೇಕು. ಅನ್ನವನ್ನು ಎಸೆಯಬಾರದೆಂಬುದೂ ಅದೇ ಭೃಗುವಲ್ಲಿಯ ವಿಧಿ. 1927ರಿಂದ ನಗರದ ಕಸವನ್ನು ಹೊತ್ತ ದೇವನಾರಿನ ಗುಡ್ಡ ಚೆಂಬೂರಿಗೆ ನೆರೆಯದು. 2016ರ ಜನವರಿಯಲ್ಲಿ ಅಲ್ಲಿ ಎದ್ದ ಬೆಂಕಿಯ ಹೊಗೆಯನ್ನು ಈ ಉಪನಗರದವರು ದಿನಗಟ್ಟಲೆ ಉಸಿರಾಡಿದ್ದಾರೆ. ಸ್ವಲ್ಪ ಸ್ವಲ್ಪವಾಗಿ ಬಡಿಸಿದರೆ ಎಸೆಯುವುದು ತಾನೇ ಕಡಮೆಯಾಗುತ್ತದೆ. ಪಾತ್ರೆಯಲ್ಲಿಯೇ ಉಳಿದ ಶುದ್ಧವಾದ ಬಿಸಿ ಅಡಿಗೆಯನ್ನು ಯಾರು, ಎಷ್ಟು ಹೊತ್ತಿಗೆ, ಎಲ್ಲಿಗೆ ಒಯ್ಯಬೇಕೆಂಬುದು ಹಿಂದಿನ ದಿನವೇ ನಿಶ್ಚಯವಾಗಿರಲಿ. ನಾವು ಉಣ್ಣಲಾರದುದನ್ನು ಬಡವರಿಗೆ ಕಳುಹಿಸುವುದು ದಾನವಲ್ಲ.

ಉಪಸಂಹಾರ

ಭಾಗವತದ ನವಮಸ್ಕಂಧದಲ್ಲಿ ರಂತಿದೇವನ ಕಥೆಯಿದೆ. ನಲವತ್ತೆಂಟು ದಿನ ನೀರನ್ನೂ ಕಾಣದ ಆ ರಾಜನಿಗೆ ತುಪ್ಪ, ಪಾಯಸ, ನೀರು ದೊರೆತವು. ಉಣ್ಣಲು ಕುಳಿತಾಗ ಒಬ್ಬರ ಹಿಂದೊಬ್ಬರಂತೆ ಅತಿಥಿಗಳು ಬಂದರು, ಅನ್ನವೆಲ್ಲ ಮುಗಿಯಿತು. ಕಡೆಗೆ ಬಂದವನು ಸಮಾಜವು ದೂರವಿಟ್ಟಿದ್ದ ಪುಲ್ಕಸ. ಅವನಿಗೆ ಬೇಕಾದುದು ಉಳಿದಿದ್ದ ನೀರು. ರಾಜನು ಅದನ್ನೂ ಕೊಟ್ಟನು. ಎಲ್ಲರಲ್ಲಿಯೂ ಶ್ರೀಹರಿಯನ್ನೇ ಕಂಡ ಆತನ ಪರೀಕ್ಷೆ ಮುಗಿದುದು ಮೊದಲ ಅತಿಥಿಯಲ್ಲಲ್ಲ, ಕೊನೆಯವನಲ್ಲಿ.

ಆರಾಧನೆಯ ಹಿಂದಿನ ಭಾನುವಾರ ಸ್ವಯಂಸೇವಕರೆಲ್ಲರೂ ಒಂದು ಗಂಟೆ ಕೂಡಬೇಕು. ಹತ್ತು ಎಲೆ ಹಾಕಿ, ಬಕೆಟ್ಟಿನಲ್ಲಿ ನೀರು ತುಂಬಿ, ಅಳತೆಯ ಸೌಟಿನಿಂದ ಲೋಟಗಳಿಗೆ ಬಡಿಸಿ ಕೈಯನ್ನು ಪಳಗಿಸಿಕೊಳ್ಳಬೇಕು. ಯಾರ ಕೆಲಸ ಯಾವುದೆಂದು ಬರೆದು ಗೋಡೆಗೆ ಅಂಟಿಸಬೇಕು. ಸೇವೆಯ ದಿನ ಸ್ವಯಂಸೇವಕರು ಕಡೆಯ ಪಂಕ್ತಿಯಲ್ಲಿಯೇ, ಕಾದು ಬಂದವರ ಪಕ್ಕದಲ್ಲಿಯೇ ಕುಳಿತು ಉಣ್ಣಲಿ. ಆಗ ಐದನೆಯ ಪಾತ್ರೆಯಲ್ಲಿ ಪಾಯಸ ಉಳಿದಿದೆಯೇ ಎಂಬುದನ್ನು ಬೇರೆ ಯಾರೂ ಪರೀಕ್ಷಿಸಬೇಕಾಗಿಲ್ಲ.

ಶ್ರೀಕೃಷ್ಣಾರ್ಪಣಮಸ್ತು.