ಅಟ್ಟದ ಕೋವಿ, ಸೇನೆಯ ಹಳೆ ರೈಫಲ್: ಕೊಳ್ಳುವ ಮುನ್ನ, ಉಜ್ಜುವ ಮುನ್ನ

ಹೊರದೇಶಗಳಲ್ಲಿ ಯುದ್ಧಕಾಲದ ರೈಫಲ್‌ಗಳನ್ನು ಅಂಗಡಿಯಲ್ಲಿಟ್ಟು ಮಾರುತ್ತಾರೆ. ತುಕ್ಕು ತಿಂದ ಒಂದನ್ನು ಕೊಂಡು, ತಿಕ್ಕಿ ತೊಳೆದು, ಮತ್ತೆ ಗುಂಡು ಹಾರುವಂತೆ ಮಾಡುವ ವಿಡಿಯೊಗಳನ್ನು ನಮ್ಮ ಹುಡುಗರು ಮೊಬೈಲಿನಲ್ಲಿ ನೋಡುತ್ತಾರೆ. ಅದೇ ಹುಮ್ಮಸ್ಸಿನಲ್ಲಿ ಗೋವೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸುವವರಿದ್ದಾರೆ. ಅಟ್ಟದಲ್ಲಿ ಸಿಕ್ಕ ಅಜ್ಜನ ಕಾಲದ ಕೋವಿಯನ್ನು ಉಪ್ಪುಕಾಗದದಿಂದ ಉಜ್ಜಲು ಕೂರುವವರೂ ಇದ್ದಾರೆ. ಹಳೆಯದನ್ನು ಉಳಿಸಬೇಕೆಂಬ ಆಸೆ ಒಳ್ಳೆಯದೇ. ಆದರೆ ಭಾರತದಲ್ಲಿ ಕಾಗದ ಮೊದಲು, ಕೋವಿ ಆಮೇಲೆ. ಶಿರವಾಡ, ಸದಾಶಿವಗಡ, ಅಂಕೋಲಾ ಸುತ್ತಿನ ಓದುಗರಿಗಾಗಿ ಆ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಕೊಡಲಾಗಿದೆ.

1. ಮದ್ದು ತುಂಬಿದೆ ಎಂದೇ ತಿಳಿಯಿರಿ

ಹಳೆಯ ನಾಡಕೋವಿಗೆ ಬಾಯಿಯಿಂದ ಮದ್ದು ಸುರಿದು, ಚರೆ ಹಾಕಿ, ಸಲಾಕೆಯಿಂದ ಜಡಿಯುತ್ತಿದ್ದರು. ತುಂಬಿಟ್ಟ ಕೋವಿಯನ್ನು ಹಾಗೇ ಮೂಲೆಗೆ ಒರಗಿಸಿ ಮರೆತಿರುವ ಸಾಧ್ಯತೆ ಯಾವಾಗಲೂ ಇರುತ್ತದೆ. ಕಪ್ಪು ಮದ್ದು ಹತ್ತಾರು ವರ್ಷ ಕಳೆದರೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ನಳಿಗೆಯ ಬಾಯಿಗೆ ಎದುರು ನಿಲ್ಲಬೇಡಿ, ಒಳಗೆ ಇಣುಕಬೇಡಿ, ಕುದುರೆ ಎಳೆದು ನೋಡಬೇಡಿ, ಬೆಂಕಿ ಅಥವಾ ವೆಲ್ಡಿಂಗ್ ಹತ್ತಿರಕ್ಕೆ ತರಬೇಡಿ. ಮಕ್ಕಳನ್ನು ದೂರವಿಡಿ. ಒಳಗೆ ಏನಿದೆ ಎಂದು ಪರೀಕ್ಷಿಸುವುದು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಅಥವಾ ಪೊಲೀಸರ ಕೆಲಸ.

2. ಇದು ಯಾವ ಕೋವಿ? ಮುದ್ರೆ ನೋಡಿ

ಕಿಡಿಕಲ್ಲಿನಿಂದ ಹೊತ್ತುವುದೋ, ಕೇಪಿನದೋ, ತೋಟೆ ಹಾಕುವುದೋ ಎಂಬುದು ಮೊದಲ ಪ್ರಶ್ನೆ. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದ ‘ಬ್ರೌನ್ ಬೆಸ್’ ಕಿಡಿಕಲ್ಲಿನ ಮಸ್ಕೆಟ್. 1853ರ ಮಾದರಿಯ ಎನ್‌ಫೀಲ್ಡ್ ಕೇಪಿನದು, .577 ಬೋರಿನದು. ಆಮೇಲೆ ಬಂದ ಸ್ನೈಡರ್ ಮತ್ತು ಮಾರ್ಟಿನಿ ಹೆನ್ರಿ ರೈಫಲ್‌ಗಳು ಹಿಂದಿನಿಂದ ತೋಟೆ ತುಂಬುವಂಥವು. ಎರಡು ಮಹಾಯುದ್ಧಗಳಲ್ಲಿ ನಮ್ಮ ಸೈನಿಕರು ಹಿಡಿದದ್ದು .303 ಬೋರಿನ ಲೀ ಎನ್‌ಫೀಲ್ಡ್. ಬಂಗಾಳದ ಇಶಾಪುರದ ಕಾರ್ಖಾನೆಯೂ ಅದನ್ನು ತಯಾರಿಸುತ್ತಿತ್ತು. ಆ ಕಾರ್ಖಾನೆಯ ಹಲವು ರೈಫಲ್‌ಗಳ ಮೇಲೆ ‘ಆರ್‌.ಎಫ್‌.ಐ.’ ಮುದ್ರೆ ಇರುತ್ತದೆ. ಕಿರೀಟದ ಗುರುತು, ಇಸವಿ, ಕ್ರಮಸಂಖ್ಯೆ ಇವನ್ನೆಲ್ಲ ಮುಟ್ಟದೆ, ಓರೆ ಬೆಳಕಿನಲ್ಲಿ ಫೋಟೊ ತೆಗೆದುಕೊಳ್ಳಿ.

ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಸೇನೆಯ ರೈಫಲ್ ಅಲ್ಲ, ಹಂದಿ, ಮಂಗಗಳಿಂದ ಬೆಳೆ ಕಾಯಲು ಇಟ್ಟ ಒಂಟಿ ನಳಿಗೆಯ ಕೋವಿ. ಅದಕ್ಕೂ ಲೈಸೆನ್ಸ್ ಬೇಕು. ಬೆಳೆ ರಕ್ಷಣೆಗೆ ಬಾಯಿಮದ್ದಿನ ಕೋವಿಯ ಲೈಸೆನ್ಸ್ ಕೊಡುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಪ್ರತ್ಯೇಕವಾಗಿ ಹೇಳಿದೆ. ಲೈಸೆನ್ಸ್ ಬೇಡವೆಂಬ ಕೊಡವರ ಹಾಗೂ ಜಮ್ಮಾ ಹಿಡುವಳಿದಾರರ ವಿನಾಯಿತಿ ಕೊಡಗಿಗೆ ಸೇರಿದ್ದು. ಉತ್ತರ ಕನ್ನಡದವರು ಅದನ್ನು ನಂಬಿ ಕೂರಬಾರದು.

3. ಕಾನೂನು ಅದನ್ನು ಎಲ್ಲಿ ಇಡುತ್ತದೆ?

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ‘ತುಕ್ಕು ಹಿಡಿದಿದೆ, ಹಾರುವುದಿಲ್ಲ, ಹಾಗಾಗಿ ಲೈಸೆನ್ಸ್ ಬೇಡ’ ಎಂಬ ಮಾತು ಸರಿಯಲ್ಲ. ಕಾಯ್ದೆಯ 45ನೇ ಕಲಮು ಹಳೆ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವನ್ನು ಹೊರಗಿಡುತ್ತದೆ ನಿಜ. ಆದರೆ ರಿಪೇರಿ ಮಾಡದಿದ್ದರೂ, ಮಾಡಿದರೂ ಅದು ಕೋವಿಯಾಗಿ ಬಳಕೆಗೆ ಬಾರದಂತಿರಬೇಕು ಎಂಬುದು ಷರತ್ತು. ಒಬ್ಬ ಕುಶಲ ಕಮ್ಮಾರ ನಾಲ್ಕು ದಿನದಲ್ಲಿ ಸರಿಮಾಡಬಹುದಾದ ಕೋವಿ ಕಾನೂನಿನ ಕಣ್ಣಲ್ಲಿ ಕೋವಿಯೇ.

2020ರ ಫೆಬ್ರುವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಶಸ್ತ್ರಾಸ್ತ್ರ ನಿಯಮಗಳನ್ನು ತಿದ್ದಿತು. ಕ್ಯೂರಿಯೊ (ಸಂಗ್ರಹಯೋಗ್ಯ ಹಳೆ ವಸ್ತು) ವರ್ಗದ ಸಣ್ಣ ಆಯುಧಗಳನ್ನು ಇಟ್ಟುಕೊಳ್ಳಲು ಭಾರತೀಯ ನಾಗರಿಕರಿಗೆ ಲೈಸೆನ್ಸ್ ಬೇಕಿಲ್ಲ, ಆದರೆ ಬಳಸಲು, ಹೊತ್ತೊಯ್ಯಲು, ಸಾಗಿಸಲು ಬೇಕು ಎಂದಾಯಿತು. ಸಂಗ್ರಹಕಾರರಿಗೆ ಇದು ದೊಡ್ಡ ಅನುಕೂಲ. ಆದರೂ ನಿಮ್ಮ ಕೋವಿ ಆ ವರ್ಗಕ್ಕೆ ಸೇರುತ್ತದೆಂದು ನೀವೇ ತೀರ್ಮಾನಿಸಬೇಡಿ. ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಫೋಟೊ ಸಹಿತ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ.

ಇನ್ನು .303 ಮತ್ತು 7.62 ಮಿ.ಮೀ. ಬೋರಿನ ಸೇನಾ ರೈಫಲ್‌ಗಳು 2016ರ ನಿಯಮಗಳ ಮೊದಲನೇ ವರ್ಗದಲ್ಲಿ, ನಿರ್ಬಂಧಿತ ಪಟ್ಟಿಯಲ್ಲಿವೆ. ಅವುಗಳ ಲೈಸೆನ್ಸ್ ಕೇಂದ್ರ ಸರ್ಕಾರದ ಕೈಯಲ್ಲಿದೆ, ಜಿಲ್ಲಾಧಿಕಾರಿ ಕೊಡುವಂಥದ್ದಲ್ಲ. ‘ಮಿಲಿಟರಿ ಹಳೆ ಮಾಲು, ಅಗ್ಗಕ್ಕೆ ಕೊಡುತ್ತೇನೆ’ ಎಂದು ಯಾರಾದರೂ ಬಂದರೆ ಮಾತು ಅಲ್ಲಿಗೇ ಮುಗಿಸಿ. ಲೀ ಎನ್‌ಫೀಲ್ಡ್ ಯಂತ್ರದ ಸೊಗಸನ್ನೇ ಮೆಚ್ಚಿದವರಿಗೆ ಸಕ್ರಮ ದಾರಿಯೊಂದಿದೆ: ಅದೇ ವಿನ್ಯಾಸದ ಆಧಾರದ ಮೇಲೆ ನಮ್ಮ ಸರ್ಕಾರಿ ಕಾರ್ಖಾನೆಗಳು ತಯಾರಿಸಿದ .315 ಬೋರಿನ ಸ್ಪೋರ್ಟಿಂಗ್ ರೈಫಲ್ ಸಾಮಾನ್ಯ ಲೈಸೆನ್ಸಿನ ವ್ಯಾಪ್ತಿಗೆ ಬರುತ್ತದೆ.

4. ವಾರಸಿನಿಂದ ಬಂದಿದ್ದರೆ

ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ಕೋವಿ ಮನೆಯಲ್ಲೇ ಉಳಿದರೆ ಅದು ಅಕ್ರಮವಾಗುತ್ತದೆ. ವಿಳಂಬ ಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯಲ್ಲಿ ಠೇವಣಿ ಇಡಬೇಕು ಎನ್ನುತ್ತದೆ 21ನೇ ಕಲಮು. ಮೊದಲು ಠಾಣೆಗೆ ಲಿಖಿತ ಮಾಹಿತಿ ಕೊಡಿ, ಅವರು ಹೇಳಿದಂತೆ ಒಪ್ಪಿಸಿ, ರಸೀದಿ ಪಡೆಯಿರಿ. ರಸೀದಿಯಲ್ಲಿ ಕ್ರಮಸಂಖ್ಯೆ ಇರಲಿ.

ಆಮೇಲೆ ವಾರಸುದಾರರೊಬ್ಬರ ಹೆಸರಿನಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಬೇಕಾಗುವವು ಇವು:

* ಹಳೆಯ ಲೈಸೆನ್ಸ್ ಪುಸ್ತಕ ಮತ್ತು ಮರಣ ಪ್ರಮಾಣಪತ್ರ
* ವಾರಸಾ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಪತ್ರ
* ಗುರುತು, ವಿಳಾಸದ ಪುರಾವೆ, ಭಾವಚಿತ್ರ
* ಠಾಣೆಯ ಠೇವಣಿ ರಸೀದಿ
* ಕೋವಿಯನ್ನು ಭದ್ರವಾಗಿಡುವ ವ್ಯವಸ್ಥೆಯ ಬಗ್ಗೆ ಮುಚ್ಚಳಿಕೆ

ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ಪ್ರಕಾರ ಒಬ್ಬರ ಬಳಿ ಎರಡೇ ಕೋವಿ ಇರಬಹುದು, ವಾರಸಿನವೂ ಆ ಲೆಕ್ಕದಲ್ಲೇ ಬರುತ್ತವೆ. ಲೈಸೆನ್ಸ್ 5 ವರ್ಷದ್ದು. ಅಭಯಾರಣ್ಯದಿಂದ 10 ಕಿ.ಮೀ. ಒಳಗೆ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಜೋಯಿಡಾ ಕಡೆಯ ಕಾಡಂಚಿನವರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ. ಚುನಾವಣೆ ಬಂದಾಗ ಠಾಣೆಯಲ್ಲಿ ಕೋವಿ ಠೇವಣಿ ಇಡುವ ಆದೇಶವೂ ಬರುತ್ತದೆ. ಆಗಿನ ರಸೀದಿಗಳನ್ನೂ ಜೋಪಾನ ಮಾಡಿ.

5. ಕೊಳ್ಳುವುದಾದರೆ

ಮೊದಲು ನಿಮ್ಮ ಲೈಸೆನ್ಸ್, ಆಮೇಲೆ ಕೋವಿಯ ಹುಡುಕಾಟ. ವ್ಯಾಪಾರಿಯ ಲೈಸೆನ್ಸ್ ಕೇಳಿ ನೋಡಿ. ಖಾಸಗಿ ವ್ಯಕ್ತಿಯಿಂದ ಕೊಳ್ಳುವುದಾದರೆ, ಮಾರುವವರು ಜಿಲ್ಲಾಧಿಕಾರಿಗೆ ಅಥವಾ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಕೋವಿಯ ಮೇಲಿನ ಸಂಖ್ಯೆ, ಲೈಸೆನ್ಸಿನ ಸಂಖ್ಯೆ, ರಸೀದಿಯ ಸಂಖ್ಯೆ ಮೂರೂ ಹೊಂದಬೇಕು. ಸಂಖ್ಯೆ ಅಳಿಸಿದ ಕೋವಿ ಎಷ್ಟೇ ಚೆಂದವಿರಲಿ, ಮುಟ್ಟಬೇಡಿ.

ಹೊರದೇಶದಿಂದ ತರಿಸಲು ಬೇರೆಯೇ ಲೈಸೆನ್ಸ್ ಬೇಕು. ಬೇರೆ ಊರಲ್ಲಿ ಕೊಂಡು ರೈಲಿನಲ್ಲಿ ಹಾಕಿ ಶಿರವಾಡದ ನಿಲ್ದಾಣದಲ್ಲಿ ಇಳಿಸಿಕೊಳ್ಳುವಂಥ ವಸ್ತುವೂ ಇದಲ್ಲ. ಗೋವೆಯಿಂದ ಗಡಿ ದಾಟಿಸುವ ಮುನ್ನ ನಿಮ್ಮ ಲೈಸೆನ್ಸಿನ ವ್ಯಾಪ್ತಿ ಯಾವುದು, ಸಾಗಾಟಕ್ಕೆ ಅನುಮತಿ ಇದೆಯೇ ನೋಡಿಕೊಳ್ಳಿ. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸಬಹುದು. ಆಗ ವ್ಯಾಪಾರಿಗೆ ಆ ಕಾಯ್ದೆಯಡಿಯೂ ಲೈಸೆನ್ಸ್ ಇರಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ.

ಲೈಸೆನ್ಸ್ ಇಲ್ಲದ ಕೋವಿಗೆ ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಜೈಲು. ಲೈಸೆನ್ಸ್ ಇಲ್ಲದೆ ಮಾರಾಟಕ್ಕಾಗಿ ತಯಾರಿ, ರಿಪೇರಿ ಮಾಡಿದವರಿಗೆ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಊರಿನ ಕುಲುಮೆಯವರನ್ನು ಈ ಅಪಾಯಕ್ಕೆ ಎಳೆಯಬೇಡಿ.

6. ಹಾರುವಂತೆ ಮಾಡಬೇಡಿ, ಹಾಳಾಗದಂತೆ ಮಾಡಿ

ಲೈಸೆನ್ಸಿನ ಕೋವಿಯ ಯಂತ್ರಭಾಗದ ರಿಪೇರಿ ಏನಿದ್ದರೂ ಲೈಸೆನ್ಸ್ ಇರುವವರಲ್ಲೇ ಆಗಲಿ. ವಿನಾಯಿತಿ ಪಡೆದ ಹಳೆ ಕೋವಿಯ ಮುಚ್ಚಿದ ನಳಿಗೆ ತೆರೆದರೆ, ಒಡೆದ ಭಾಗ ಬದಲಿಸಿದರೆ ವಿನಾಯಿತಿಯೇ ಕೈತಪ್ಪುತ್ತದೆ. ನಿಮ್ಮ ಪಾಲಿನ ಕೆಲಸ ಸಂರಕ್ಷಣೆ.

ಉಪ್ಪುಕಾಗದ, ತಂತಿ ಬ್ರಷ್, ಗ್ರೈಂಡರ್ ಬೇಡವೇ ಬೇಡ. ಅವು ತುಕ್ಕಿನ ಜೊತೆ ಮುದ್ರೆಯನ್ನೂ ಸಂಖ್ಯೆಯನ್ನೂ ತೆಗೆದುಬಿಡುತ್ತವೆ. ಸಂಗ್ರಹಕಾರನಿಗೆ ಅದು ಇತಿಹಾಸದ ನಷ್ಟ, ಕಾನೂನಿಗೆ ಗುರುತು ಅಳಿಸಿದ ಅಪರಾಧ. ಮೆತ್ತನೆ ಹತ್ತಿ ಬಟ್ಟೆಗೆ ತೆಳು ಯಂತ್ರದ ಎಣ್ಣೆ ಹಚ್ಚಿ ಒರೆಸಿ, ಸಡಿಲ ತುಕ್ಕು ಮಾತ್ರ ಬರಲಿ. ಗಟ್ಟಿ ಕಂದುಬಣ್ಣದ ಪದರ ಹಾಗೇ ಇರಲಿ. ಕೈಬೆವರಿನ ಉಪ್ಪು ತಾಗದಂತೆ ಕೈಗವಸು ಹಾಕಿ. ಮರಕ್ಕೆ ವಾರ್ನಿಷ್ ಬಳಿಯಬೇಡಿ. ಒಣಗಿ ಬಿರುಕು ಬಿಡುತ್ತಿದ್ದರೆ ಅಗಸೆ ಎಣ್ಣೆಯನ್ನು ತೀರಾ ತೆಳ್ಳಗೆ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಇಡಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಬೆಂಕಿ ಹಿಡಿಯಬಲ್ಲದು.

ಕಡಲಂಚಿನ ಗಾಳಿಯಲ್ಲಿ ಉಪ್ಪಿದೆ, ಮಳೆಗಾಲದಲ್ಲಿ ಕಲ್ಲಿನ ಗೋಡೆ ತೇವ ಕಾರುತ್ತದೆ. ಗೋಡೆಗೆ ನೇತುಹಾಕಬೇಡಿ, ತೊಗಲಿನ ಚೀಲದಲ್ಲೂ ಇಡಬೇಡಿ. ಸಿಲಿಕಾ ಜೆಲ್ ಪೊಟ್ಟಣಗಳಿರುವ, ಬೀಗ ಹಾಕುವ ಕಬ್ಬಿಣದ ಕಪಾಟಿನಲ್ಲಿಡಿ. ಮಳೆಗಾಲದಲ್ಲಿ ಆಗಾಗ ತೆಗೆದು ನೋಡಿ.

7. ಕತೆ ಬರೆದಿಡಿ, ಇಡಲಾಗದಿದ್ದರೆ ಒಪ್ಪಿಸಿ

ಕೋವಿಯ ಜೊತೆ ಅದರ ವಿವರವೂ ಉಳಿಯಬೇಕು. ಯಾರು ಕೊಂಡರು, ಯಾವ ಇಸವಿಯ ಲೈಸೆನ್ಸ್, ಯಾವ ಗದ್ದೆ ಕಾಯುತ್ತಿತ್ತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನನ್ನು ವಿರೋಧಿಸಿ ಹಲಗಲಿಯ ಬೇಡರು ದಂಗೆಯೆದ್ದ ನಾಡು ಇದು. ಇಲ್ಲಿ ಒಂದು ಹಳೆ ಕೋವಿ ಎಂದರೆ ಜನರ ಬದುಕಿನ ದಾಖಲೆ.

ಹೆದರಿ ಬಾವಿಗೆ ಎಸೆಯುವುದು, ಗುಜರಿಗೆ ಹಾಕುವುದು ಎರಡೂ ತಪ್ಪು. ನೆಲ ಅಗೆಯುವಾಗ ಸಿಕ್ಕರೆ 1878ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಅವು ಪುರಾತತ್ವ ಇಲಾಖೆಯ ಕೈಸೇರಿದ್ದರಿಂದಲೇ ಇಂದು ಶಿವಮೊಗ್ಗದ ಸಂಗ್ರಹಾಲಯದ ಆಸ್ತಿಯಾಗಿವೆ. ಕಾರವಾರದ ಕಡಲತೀರದಲ್ಲಿ ಸೇವೆಯಿಂದ ನಿವೃತ್ತವಾದ ‘ಐಎನ್‌ಎಸ್ ಚಪಲ್’ ಯುದ್ಧನೌಕೆಯನ್ನು ನೋಡಿದವರಿಗೆ ಗೊತ್ತು: ಆಯುಧವನ್ನು ಉಳಿಸಲು ಅದು ಮತ್ತೆ ಗುಂಡು ಹಾರಿಸಬೇಕಿಲ್ಲ. ನಿಮ್ಮ ಕೋವಿಯನ್ನು ಇಟ್ಟುಕೊಳ್ಳಲು ಲೈಸೆನ್ಸ್ ಸಿಗದಿದ್ದರೆ, ಠಾಣೆಯಲ್ಲಿ ಠೇವಣಿ ಇಟ್ಟ ರಸೀದಿ, ಫೋಟೊ ಮತ್ತು ನೀವು ಬರೆದ ವಿವರದೊಂದಿಗೆ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಪತ್ರ ಬರೆಯಿರಿ. ಅದರ ಒಂದು ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.