ಹೆಂಚು ಬದಲಿಸಬಹುದು, ಮಹಡಿ ಏರಿಸುವಂತಿಲ್ಲ

ಶ್ರೀರಂಗಪಟ್ಟಣದ ನಿಮ್ಮ ಹಳೇ ಮನೆ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 60 ಮೀಟರ್ ಅಂದಿದ್ದೀರಿ. 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ. ಪುರಸಭೆ ಲೈಸೆನ್ಸ್ ಕೊಟ್ಟರೂ ಮಗನಿಗೆಂದು ಮಹಡಿ ಎಬ್ಬಿಸುವ ಮಾತೇ ಇಲ್ಲ. ಸೋರುವ ಮಾಡು, ಗೆದ್ದಲು ತಿಂದ ತೊಲೆಯ ದುರಸ್ತಿಗೆ ಮಾತ್ರ ಅರ್ಜಿ ಹಾಕಬಹುದು. ಮನೆ 1992ರ ಜೂನ್ 16ಕ್ಕೂ ಹಿಂದಿನದೆಂದು ತೋರಿಸಬೇಕು. ಅಟ್ಟದ ಟ್ರಂಕಿನಲ್ಲಿ ಹಳೇ ಕಂದಾಯ ರಸೀದಿ ಹುಡುಕಿ. ಈಗಿನ ನಕ್ಷೆ, ಒಳಗಿನ-ಹೊರಗಿನ ಫೋಟೊ, ಮಾಡಿಸುವ ಕೆಲಸದ ವಿವರ ಸೇರಿಸಿ ರಾಜ್ಯದ ಸಕ್ಷಮ ಪ್ರಾಧಿಕಾರಕ್ಕೆ ಕೊಡಿ. ಅವರು 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿಂದಾಚೆ ತಿಂಗಳುಗಟ್ಟಲೆ ಕಾಯಬೇಕಾದೀತು.

ಗೋಡೆ ಕೆಡವಿ ಹೊಸದು ಕಟ್ಟಿದರೆ ಅದು ದುರಸ್ತಿಯಲ್ಲ. ‘ರಾತ್ರೋರಾತ್ರಿ ಮುಗಿಸಿಬಿಡೋಣ ಸ್ವಾಮಿ’ ಅನ್ನುವ ಮೇಸ್ತ್ರಿಗೆ ಕಿವಿಗೊಡಬೇಡಿ: 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು, ಅನುಭವಿಸುವವರು ನೀವು, ಅವನಲ್ಲ. ಅನುಮತಿ ಸಿಗುವವರೆಗೆ ಮಾಡಿಗೆ ಟಾರ್ಪಾಲು ಹೊದಿಸಿ.